ನನ್ನ ಫೋನಿಗೆ ಗಡ್ಡದ ಚಿಂತೆ

ದಿನಾ ಬೆಳಿಗ್ಗೆ ತಪ್ಪದೆ ಶೇವ್ ಮಾಡಿಕೊಳ್ಳುವವನು ನಾನು. ಅಂಥವನ ಫೋನಿಗೆ ಇದ್ದಕ್ಕಿದ್ದಂತೆ ಗಡ್ಡದ ಎಣ್ಣೆಯ ಜಾಹೀರಾತು ಬರತೊಡಗಿತು. ಆಮೇಲೆ ಗಡ್ಡದ ಬಾಚಣಿಗೆ. ಆಮೇಲೆ ಟ್ರಿಮ್ಮರ್. ಗಡ್ಡಕ್ಕೆಂದೇ ಬೇರೆ ಶಾಂಪೂ ಇದೆ ಅಂತ ನಿಮಗೆ ಗೊತ್ತಿತ್ತೇ? (ನನಗಂತೂ ಗೊತ್ತಿರಲಿಲ್ಲ.)

ಮಾಲೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಟ್ರೇನಿನಲ್ಲಿ ಪಕ್ಕ ಕೂರುವ ಗೆಳೆಯ ನಾರಾಯಣಸ್ವಾಮಿ ಇಣುಕಿ ನೋಡಿ, "ಏನ್ಲಾ, ಸನ್ಯಾಸಿ ಆಗ್ತೀಯಾ?" ಅಂದ.

ನನಗೆ ನಗು ಬರಲಿಲ್ಲ. ಈ ಫೋನು ಸುಮ್ಮಸುಮ್ಮನೆ ಏನನ್ನೂ ತೋರಿಸುವುದಲ್ಲ. ಹಳೇ ವಾಲ್ವ್ ರೇಡಿಯೋ ರಿಪೇರಿ ಮಾಡುವುದು ನನ್ನ ಹುಚ್ಚು. ಇಡೀ ಮಾಲೂರಿನಲ್ಲಿ ಈ ಹುಚ್ಚು ಇನ್ನೊಬ್ಬರಿಗಿರಲಿಕ್ಕಿಲ್ಲ. ಆದರೂ ಯಾವುದೋ ಊರಿನ ಗೋಡೌನಿನಲ್ಲಿ ಧೂಳು ತಿನ್ನುತ್ತಿರುವ ವಾಲ್ವನ್ನು ಹುಡುಕಿ ತಂದು ನನ್ನ ಕಣ್ಣ ಮುಂದೆ ಹಿಡಿಯುತ್ತದೆ. ಅಂಥದ್ದು ಗಡ್ಡ ಅನ್ನುತ್ತಿದೆ ಅಂದರೆ ಯಾರೋ ಗಡ್ಡ ಅಂದಿರಲೇಬೇಕು.

ಮನೆಯಲ್ಲಿರುವುದು ನಾವಿಬ್ಬರೇ, ನಾನು ಮತ್ತು ನನ್ನ ಹೆಂಡತಿ ಸರೋಜ. ನನ್ನ ಹಳೇ ಫೋನು ಅವಳ ಹತ್ತಿರ ಇದೆ. ಅದರಲ್ಲಿರುವುದು ಇನ್ನೂ ನನ್ನದೇ ಅಕೌಂಟು.

ಸಂಜೆ ಮನೆಗೆ ಬಂದು ತಮಾಷೆಗೇ ಕೇಳಿದೆ: "ಯಾರ ಗಡ್ಡ ಕಣೇ ಅದು?"

ಅವಳ ಮುಖ ಬಿಳಚಿಕೊಂಡಿತು. "ನಂಗ್ಯಾವ ಗಡ್ಡಾನೂ ಇಲ್ಲ, ಬಿಡ್ರೀ" ಎಂದವಳೇ ಅಡುಗೆಮನೆಗೆ ಹೋಗಿಬಿಟ್ಟಳು.

ಇದೆಂಥ ಉತ್ತರ? ಸುಳ್ಳೇಕೆ ಹೇಳಲಿ, ಇಪ್ಪತ್ತೈದು ವರ್ಷದ ಸಂಸಾರದ ಮೇಲೆ ಒಂದು ಕ್ಷಣ ಸಂಶಯ ಬಂತು. ನಾಚಿಕೆ ಬಿಟ್ಟು ಸರ್ಚ್ ಹಿಸ್ಟರಿ ತೆಗೆದೆ.

ಅವಳಿಗೆ ಟೈಪ್ ಮಾಡಿ ಅಭ್ಯಾಸವಿಲ್ಲ. ಮೈಕ್ ಒತ್ತಿ ಮಾತಾಡುತ್ತಾಳೆ. "ಗಡ್ಡ ಗಟ್ಟಿ ಇದ್ರೆ ಏನು." "ಗಡ್ಡ ತಾನಾಗೇ ಕರಗುತ್ತಾ." "ಕಂಕುಳಲ್ಲಿ ಗಡ್ಡ." ಇಲ್ಲಿ ನಕ್ಕೆ. ಅದರ ಕೆಳಗಿದ್ದದ್ದು: "ಎದೇಲಿ ಗಡ್ಡ, ನೋವಿಲ್ಲ."

ಫೋನು ಹಿಡಿದುಕೊಂಡೇ ಅಡುಗೆಮನೆಗೆ ನಡೆದೆ.

ಸರೋಜ ಆಂಧ್ರದ ಗಡಿಯ ನಂಗಲಿ ಕಡೆಯವಳು. ಅಲ್ಲಿ ಮನೆಯೊಳಗೆ ತೆಲುಗು, ಹೊರಗೆ ಕನ್ನಡ, ಅವಸರದಲ್ಲಿ ಎರಡೂ ಕಲಸುಮೇಲೋಗರ. ತೆಲುಗಿನಲ್ಲಿ ಗಡ್ಡ ಅಂದರೆ ಗಂಟು. ಮೂರು ವಾರದಿಂದ ಅವಳು ಹೆದರಿ ಹೆದರಿ ಕೇಳುತ್ತಿದ್ದಾಳೆ, ಫೋನು ಎಣ್ಣೆ ಹಚ್ಚು ಅನ್ನುತ್ತಿದೆ!

"ನಂಗೆ ಹೇಳೋಕೇನಾಗಿತ್ತೇ ನಿಂಗೆ?" ಕಿರುಚಿಯೇ ಬಿಟ್ಟೆ.

"ನಿಮ್ಗೆ ಹೇಳಿದ್ರೆ ನಿಜ ಆಗ್ಬಿಡುತ್ತೆ ಅನ್ನಿಸ್ತು ರೀ" ಅಂದಳು.

ನಮ್ಮ ಹೆದರಿಕೆಯನ್ನು ನಾವೀಗ ಮೊದಲು ಹೇಳಿಕೊಳ್ಳುವುದು ಯಾರಿಗೆ? ಗಂಡನಿಗಲ್ಲ, ಅಕ್ಕತಂಗಿಗಲ್ಲ, ಡಾಕ್ಟರಿಗಂತೂ ಅಲ್ಲ. ಅಂಗೈಯಲ್ಲಿರುವ ಒಂದು ಅಂಗಡಿಗೆ. ಅದು ಸಮಾಧಾನ ಹೇಳುವುದಿಲ್ಲ, ಸಾಮಾನು ತೋರಿಸುತ್ತದೆ.

ಮಾರನೆಯ ದಿನವೇ ಕೋಲಾರಕ್ಕೆ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿದರು, ಸೂಜಿ ಚುಚ್ಚಿ ತುಣುಕು ತೆಗೆದರು. ರಿಪೋರ್ಟಿಗೆ ಒಂದು ವಾರ ಬೇಕು ಅಂದರು. ಅವಳು ಒಳಗಿದ್ದಷ್ಟು ಹೊತ್ತು ನಾನು ಹೊರಗೆ ಬೆಂಚಿನ ಮೇಲೆ ಕೂತು ಫೋನು ತಿಕ್ಕುತ್ತಿದ್ದೆ. ಇಂಗ್ಲಿಷಿನಲ್ಲಿ, ಸ್ಪೆಲಿಂಗ್ ಎರಡೆರಡು ಸಲ ನೋಡಿ, ಬಾಯಿ ಬಿಟ್ಟು ಯಾರನ್ನೂ ಕೇಳಲಾಗದ್ದನ್ನೆಲ್ಲ ಕೇಳಿದೆ. ಕೀಮೋ ಕೊಟ್ಟರೆ ಉದುರಿದ ಕೂದಲು ಮತ್ತೆ ಬರುತ್ತದಾ ಎಂದೂ ಕೇಳಿದೆ.

ಇದನ್ನು ಬರೆಯುವ ಹೊತ್ತಿಗೂ ರಿಪೋರ್ಟ್ ಬಂದಿಲ್ಲ. (ಬರೆಯಲೇ ಎಂದು ಅವಳನ್ನು ಕೇಳಿದ್ದೇನೆ. "ಬರೀರಿ, ನನ್ನಂಗೆ ಮುಚ್ಚಿಟ್ಕೊಂಡಿರೋರು ಹೋಗಿ ತೋರಿಸ್ಕೊಳ್ಲಿ" ಅಂದಳು.)

ಇವತ್ತು ಬೆಳಿಗ್ಗೆ ಅವಳು ಫೋನು ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತಳು. ಗಡ್ಡದ ಎಣ್ಣೆ ಮಾಯವಾಗಿತ್ತು. ಆ ಜಾಗದಲ್ಲಿ ಹೆಂಗಸರ ವಿಗ್ಗು, ಮೂರು ಬಣ್ಣಗಳಲ್ಲಿ.

"ರಿಪೋರ್ಟೇ ಬಂದಿಲ್ವಲ್ರೀ. ಇದಕ್ಕೆ ಯಾರು ಹೇಳಿದ್ರು?"

ಕಾಫಿ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ. ಅವಳು ಈ ಅಂಕಣ ತಪ್ಪದೆ ಓದುತ್ತಾಳೆ.

ನಾನೇ ಕಣೇ ಹೇಳಿದ್ದು.