ಮರಿಬಸಪ್ಪನ ಸ್ಪೀಕರುಗಳು

ಬಳ್ಳಾರಿಯ ಹತ್ತಿ ಮಿಲ್ಲೊಂದರಲ್ಲಿ ಮೇಸ್ತ್ರಿಯಾಗಿದ್ದ ಮರಿಬಸಪ್ಪನಿಗೆ ಕುಡಿತ, ಇಸ್ಪೀಟು ಯಾವ ಚಟವೂ ಇರಲಿಲ್ಲ. ಇದ್ದದ್ದು ಪಿಟೀಲು ಕೇಳುವ ಹುಚ್ಚೊಂದೇ. ಹಗಲೆಲ್ಲ ಯಂತ್ರಗಳ ಗದ್ದಲದಲ್ಲಿ ನಿಂತು, ಸಂಜೆ ಗಾಂಧಿನಗರದ ಮನೆಗೆ ಬಂದು ಮೈ ತೊಳೆದವನು ನೇರ ರೇಡಿಯೋ ಮುಂದೆ ಕೂಡುತ್ತಿದ್ದ.

ಆ ರೇಡಿಯೋ ಕೊಡಿಸಿದವನು ಗೌಸಸಾಬ್. ಮರಿಬಸಪ್ಪನ ಜೊತೆ ಓದಿದವನು, ಕೌಲ್ ಬಜಾರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ರೆಕಾರ್ಡ್ ಪ್ಲೇಯರ್ ತಂದು ಕೂಡಿಸಿದವನೂ ಅವನೇ. ಆ ಸಂಜೆ ಇಬ್ಬರೂ ಇದ್ದ ಒಂದೇ ಪಿಟೀಲಿನ ರೆಕಾರ್ಡನ್ನು ತಿರುಗಿ ತಿರುಗಿ ಹಾಕಿ ಕೇಳಿದರು. ಮರಿಬಸಪ್ಪನ ಹೆಂಡತಿ ಸುವರ್ಣಮ್ಮ ಇಬ್ಬರಿಗೂ ರೊಟ್ಟಿ ಬಡಿಸಿದಳು. ಅಷ್ಟಕ್ಕೆ ನಿಂತಿದ್ದರೆ ಆಗುತ್ತಿತ್ತು.

ಕೆಲವು ವರ್ಷಗಳಲ್ಲಿ ಪಿಟೀಲು ಮಂಕಾಗತೊಡಗಿತು. ಸ್ವರ ಮೇಲೇರಿದಷ್ಟೂ ಕಂಬಳಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಗೌಸಸಾಬ್ ಸೂಜಿ ಬದಲಿಸಿದ, ಸ್ಪೀಕರ್ ಬದಲಿಸಿದ, ಕೊನೆಗೆ ತಾನೇ ಕೂತು ಹೊಸ ಆಂಪ್ಲಿಫೈಯರ್ ಕಟ್ಟಿಕೊಟ್ಟ. ಹೊಸದು ಬಂದಾಗ ಸದ್ದು ಹೆಚ್ಚಿರುತ್ತಿದ್ದರಿಂದ ಮರಿಬಸಪ್ಪ ನಾಲ್ಕು ದಿನ ಗೆಲುವಾಗಿರುತ್ತಿದ್ದ. ಆಮೇಲೆ ಅದೇ ಮಂಕು. ಸ್ಪೀಕರುಗಳಿಗೆ ತೇಗದ ಪೆಟ್ಟಿಗೆ ಮಾಡಿಸಿದ. ಸಾಲದೆ ಮದ್ರಾಸಿನಿಂದ ಇನ್ನೂ ದೊಡ್ಡ ಸ್ಪೀಕರುಗಳನ್ನು ತರಿಸಿದ. ಚೆನ್ನಾಗೇ ಕೇಳುತ್ತದೆ, ಇನ್ನು ಸಾಕುಮಾಡಿ ಎಂದ ಸುವರ್ಣಮ್ಮನಿಗೆ, ನಿನಗೇನು ತಿಳಿಯುತ್ತದೆ ಎಂದು ಬಾಯಿ ಮುಚ್ಚಿಸಿದ.

ಗೌಸಸಾಬನಿಗೂ ಅನುಮಾನ ಹತ್ತಿತು, ತನ್ನ ಮೇಲೆಯೇ. ಅವನ ಕಿವಿಗೆ ಸ್ವರ ಸರಿಯಾಗಿಯೇ ಬೀಳುತ್ತಿತ್ತು. ಆದರೆ ಸಂಗೀತ ತಿಳಿದವನು ಮರಿಬಸಪ್ಪ. ಅವನು ಸರಿಯಿಲ್ಲ ಎಂದರೆ ಸರಿಯಿಲ್ಲ. ಹಾಕಿದ ಬೆಸುಗೆಯನ್ನು ಬಿಚ್ಚಿ ಮತ್ತೆ ಹಾಕುವುದು, ರಿಪೇರಿಯಾದ ರೇಡಿಯೋಗಳನ್ನು ಬೇರೆ ಗಿರಾಕಿಗಳಿಗೆ ವಾಪಸು ಕೊಡಲೂ ಹಿಂಜರಿಯುವುದು ಶುರುವಾಯಿತು.

ಎಪ್ಪತ್ತಾರರಲ್ಲಿ ಒಂದು ದಿನ ಮರಿಬಸಪ್ಪ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ ಅಂದ: "ಹಳೀ ಸಾಮಾನು ಹಾಕಿ ಹೊಸಾದು ಅಂತ ಕೊಟ್ಟಿ. ಗೆಳೆಯ ಅಂತ ನಂಬಿದ್ದೆ ನಾನು."

ಮಾತು ಬಜಾರೆಲ್ಲ ಹರಡಿತು, ಗಿರಾಕಿಗಳು ಕಡಿಮೆಯಾದರು. ವರ್ಷ ತುಂಬುವುದರೊಳಗೆ ಗೌಸಸಾಬ್ ಅಂಗಡಿ ಮುಚ್ಚಿ, ಹೆಂಡತಿ ಕುಲ್ಸುಂಬಿಯ ತವರೂರು ಕುರುಗೋಡಿಗೆ ಹೋಗಿಬಿಟ್ಟ. ಮರಿಬಸಪ್ಪ ಬೇರೆಯವನ ಕೈಯಿಂದ ಮತ್ತೆರಡು ಸ್ಪೀಕರ್ ಹಾಕಿಸಿದ.

ಮುಂದಿನ ಮಳೆಗಾಲದಲ್ಲಿ ಗಂಡ ಹೆಂಡತಿ ಸಿರುಗುಪ್ಪಕ್ಕೆ, ಅವನ ಅಕ್ಕ ಸುಂಕಮ್ಮನ ಮನೆಗೆ ಹೋದರು. ಮನೆ ಭತ್ತದ ಗದ್ದೆಗೆ ಹತ್ತಿಕೊಂಡೇ ಇತ್ತು. ದೀಪ ಹಚ್ಚುವ ಹೊತ್ತಿನಲ್ಲಿ ಅಂಗಳದಲ್ಲಿ ಕೂತಾಗ ಸುಂಕಮ್ಮ, ಈ ಜೀರುಂಡೆಗಳ ಚೀರಾಟಕ್ಕೆ ತಲೆ ಸಿಡಿಯುತ್ತದೆ ಎಂದು ಗೊಣಗಿದಳು. ಯಾವ ಜೀರುಂಡೆ ಎಂದು ಮರಿಬಸಪ್ಪ ಕೇಳಿದ. ತಮ್ಮ ತಮಾಷೆ ಮಾಡುತ್ತಾನೆಂದು ಅಕ್ಕ ನಕ್ಕಳು. ಸುವರ್ಣಮ್ಮ ನಗಲಿಲ್ಲ.

"ಗದ್ದ್ಯಾಗ ಕಪ್ಪಿ ಒದರೋದು ಕೇಳತೈತೇನ್ರಿ?"

"ಕೇಳತೈತಿ."

"ಜೀರುಂಡಿ?"

ಅವನು ಗದ್ದೆಯ ಕಡೆ ಕಿವಿಗೊಟ್ಟು ಬಹಳ ಹೊತ್ತು ಕೂತ. ಆಮೇಲೆ ಇಲ್ಲವೆಂದು ತಲೆಯಾಡಿಸಿದ. ಆ ರಾತ್ರಿ ಊಟ ಮಾಡಲಿಲ್ಲ.

ಬಳ್ಳಾರಿಗೆ ಮರಳಿ ತೋರಿಸಿದಾಗ ಕಂಟೋನ್ಮೆಂಟಿನ ಡಾಕ್ಟರು ಕೆಟ್ಟದ್ದು ಕಿವಿಯೇ ಎಂದರು. ಮೇಲಿನ ಸ್ವರ ಹಿಡಿಯುವ ಕಿವಿಯ ನರ ಮಿಲ್ಲಿನ ಸದ್ದಿಗೆ ಸತ್ತಿದೆ, ಮನೆಯಲ್ಲಿ ಜೋರಾಗಿ ಹಚ್ಚಿ ಕೇಳಿದ್ದು ಇನ್ನಷ್ಟು ಕೆಡಿಸಿದೆ, ಹೋದದ್ದು ಮರಳಿ ಬರುವುದಿಲ್ಲ.

ಮರುದಿನವೇ ಅವನು ಕುರುಗೋಡಿಗೆ ಹೋದ. ಗೌಸಸಾಬ್ ಭಾವಮೈದುನನ ಕಟ್ಟಿಗೆ ಅಡ್ಡೆಯಲ್ಲಿ ಸೌದೆ ತೂಗುತ್ತಿದ್ದ. ಮರಿಬಸಪ್ಪ ನಿಂತಲ್ಲೇ ಎಲ್ಲವನ್ನೂ ಹೇಳಿ, ಬಂದು ಅಂಗಡಿ ತೆಗೆ ಎಂದು ಕೈ ಹಿಡಿದು ಬೇಡಿಕೊಂಡ. ಗೌಸಸಾಬ್ ಮೆಲ್ಲಗೆ ಕೈ ಬಿಡಿಸಿಕೊಂಡ.

"ಮೋಸ ಮಾಡಿಲ್ಲಂತ ನನಗ ಗೊತ್ತಿತ್ತು ಬಸಣ್ಣ. ಆದ್ರ ನನ್ನ ಕೈ ಕೆಟ್ಟೈತಿ ಅಂತ ನಾನೂ ನಂಬಿಬಿಟ್ಟೆ. ಈಗ ಬೆಸುಗಿ ಹಾಕಾಕ ಕುಂತ್ರ ಕೈ ನಡಗತಾವು."

ಚಹಾ ತರಿಸಿ ಕುಡಿಸಿದ. ಕುಲ್ಸುಂಬಿ ಅಡ್ಡೆಯ ಹಿಂದಿನ ಮನೆಯಿಂದ ಹೊರಗೆ ಬರಲಿಲ್ಲ.

ಆಮೇಲೆ ಮರಿಬಸಪ್ಪ ಹೊಸದೇನನ್ನೂ ಕೊಳ್ಳಲಿಲ್ಲ. ಹೊಟ್ಟೆಪಾಡು, ಮಿಲ್ಲಿನ ಕೆಲಸ ಬಿಡಲಾಗಲಿಲ್ಲ. ಯಂತ್ರದ ಮುಂದೆ ನಿಲ್ಲುವ ಹೊಸಬರಿಗೆ, ಕಿವಿಯಲ್ಲಿ ಹತ್ತಿ ತುರುಕಿಕೊಳ್ಳಿರೆಂದು ಹೇಳುತ್ತಿದ್ದ. ಕೆಲವರು ಕೇಳಿದರು, ಹೆಚ್ಚಿನವರು ನಕ್ಕರು.