ಹುಚ್ಚೀರಪ್ಪನ ಬಲಗಾಲು

ಬೆಟಗೇರಿಯ ಹತ್ತಿ ವ್ಯಾಪಾರಿ ಸಕ್ರಪ್ಪ ಸಾಹುಕಾರರ ಮನೆಯಲ್ಲಿ ಹುಚ್ಚೀರಪ್ಪ ಇಪ್ಪತ್ತೆರಡು ವರ್ಷ ಡ್ರೈವರಾಗಿದ್ದ. ಓದು ಬರಹ ಇಲ್ಲ, ಹೊಲವಿಲ್ಲ. ಆದರೂ ಅವನು ಬಂದರೆ ಕಟ್ಟೆಯ ಮೇಲಿದ್ದವರು ಸರಿದು ಜಾಗ ಕೊಡುತ್ತಿದ್ದರು. ಸಾಹುಕಾರರ ಕಾರನ್ನು ನಡೆಸಬಲ್ಲವನು ಅವನೊಬ್ಬನೇ ಎಂಬುದೇ ಅವನ ಆಸ್ತಿ.

ಅದು ಮಹಾ ಮೊಂಡು ಕಾರು, ಬ್ರಿಟಿಷರು ಗಟ್ಟಿಯಾಗಿ ಕೂತಿದ್ದ ಕಾಲದ್ದು. ವೇಗ ಹೆಚ್ಚಿಸುವುದು ಸ್ಟಿಯರಿಂಗ್ ಕೆಳಗಿನ ಕಡ್ಡಿಯಿಂದ, ಗೇರು ಬದಲಿಸುವುದು ಎಡಗಾಲಿನಿಂದ, ನಿಲ್ಲಿಸುವುದು ಬಲಗಾಲಿನಿಂದ. ಕಪ್ಪತಗುಡ್ಡದ ಏರಿನಲ್ಲಿ ಮೂತಿ ಮೇಲೆದ್ದರೆ ಸೀಟಿನಡಿಯ ಟಾಕಿಯಿಂದ ಎಂಜಿನ್ನಿಗೆ ಪೆಟ್ರೋಲು ಹರಿಯುತ್ತಿರಲಿಲ್ಲ. ಹುಚ್ಚೀರಪ್ಪ ಕಾರನ್ನು ತಿರುಗಿಸಿ ಹಿಮ್ಮುಖವಾಗಿಯೇ ಏರಿಸುತ್ತಿದ್ದ. ನೋಡಿದವರು ನಗುತ್ತಿದ್ದರು. ನಗಲಿ ಬಿಡಿ, ಏರಿದ್ದಂತೂ ಖರೆ.

ಸ್ವಾತಂತ್ರ್ಯ ಬಂದು ಐದಾರು ವರ್ಷಕ್ಕೆ ಏಕೀಕರಣದ ಕಾವು ಏರಿತು. ಸಾಹುಕಾರರು ಭಾಷಣ ಮಾಡುವವರನ್ನು ಕೂಡಿಸಿಕೊಂಡು ಊರೂರು ತಿರುಗತೊಡಗಿದರು. ಮುಂಡರಗಿ ದಾರಿಯ ಎರೆಮಣ್ಣಿನಲ್ಲಿ ಕಾರು ಎರಡು ಸಲ ಹೂತು, ಎತ್ತು ಕಟ್ಟಿ ಎಳೆಸಬೇಕಾಯಿತು. ಸಾಹುಕಾರರ ತಲೆ ಕೆಟ್ಟಿತು. ಮಿಲಿಟರಿಯವರು ಹರಾಜು ಹಾಕಿದ್ದ ಜೀಪೊಂದನ್ನು ತಂದು ನಿಲ್ಲಿಸಿದರು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ. ಕೆಸರಿರಲಿ, ಹಳ್ಳವಿರಲಿ, ಎಮ್ಮೆಯಂತೆ ನುಗ್ಗಿ ಆಚೆ ದಡ ಸೇರುತ್ತಿತ್ತು.

"ಹದಿನೈದು ದಿನದಾಗ ಕಲಿ," ಎಂದರು ಸಾಹುಕಾರರು. "ಇಲ್ಲಂದ್ರ ಮಿಲಿಟ್ರಿಯಿಂದ ಬಂದಾಂವನ್ನ ಇಟ್ಕೋತೀನಿ. ಹಳೇ ಕಾರಂತೂ ಗುಜರಿಗೆ ಹೊಂಟತಿ."

ಜೀಪಿನಲ್ಲಿ ಬಲಗಾಲಿನಡಿ ಇದ್ದದ್ದು ಬ್ರೇಕಲ್ಲ, ವೇಗ. ಬ್ರೇಕು ನಡುವೆ. ಹುಚ್ಚೀರಪ್ಪ ಮನೆಯಲ್ಲಿ ಮೂರು ಇಟ್ಟಿಗೆ ಸಾಲಾಗಿಟ್ಟುಕೊಂಡು ಕೂತ. ಹೆಂಡತಿ ಶಾರದವ್ವ "ನಿಲ್ಲಸ್ರಿ!" ಎಂದು ಕೂಗಬೇಕು, ಅವನು ನಡುವಿನ ಇಟ್ಟಿಗೆ ತುಳಿಯಬೇಕು. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುತ್ತಿತ್ತು. ಆ ಹತ್ತನೆಯದು ಅವನ ಜೀವ ತಿಂದಿತು. ಐವತ್ತರ ಹೊಸ್ತಿಲಲ್ಲಿದ್ದವನಿಗೆ ಬೇರೆ ಕೆಲಸ ಯಾರು ಕೊಟ್ಟಾರು?

ಹದಿನೈದನೆಯ ದಿನ ಸಾಹುಕಾರರು ಪಕ್ಕದಲ್ಲಿ ಕೂತು ಶಿರಹಟ್ಟಿಗೆ ಹೊಡೆಸಿದರು. ಹಳ್ಳ ದಾಟಿದಾಗ "ಶಾಬಾಸ್ ಲೇ!" ಎಂದು ಬೆನ್ನು ತಟ್ಟಿದರು. ಮರಳಿ ಬರುವಾಗ ಬೆಟಗೇರಿಯ ನೇಕಾರರ ಓಣಿ ಸಿಕ್ಕಿತು. ಬೀದಿಯ ಒಂದು ಮಗ್ಗುಲಿಗೆ ಸೀರೆಯ ಹಾಸುನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಮುದುಕಿ ಅಮೃತವ್ವ ಗಂಜಿ ಹಚ್ಚುತ್ತಿದ್ದಳು. ಅವಳು ಒಮ್ಮೆಲೇ ಹಿಂದೆ ಸರಿದು ಜೀಪಿಗೆ ಎದುರಾದಳು. ಹುಚ್ಚೀರಪ್ಪ ಬಲಗಾಲು ಒತ್ತಿದ, ಇಪ್ಪತ್ತೆರಡು ವರ್ಷ ಒತ್ತಿದಂತೆಯೇ. ಜೀಪು ಜಿಗಿಯಿತು. ನಿಲ್ಲಲಿಲ್ಲವಲ್ಲ ಎಂದು ಇನ್ನೂ ಬಲವಾಗಿ ಒತ್ತಿದ. ಸಾಹುಕಾರರು ಸ್ಟಿಯರಿಂಗನ್ನೇ ಕಸಿದು ತಿರುವಿದರು. ಜೀಪು ಹಾಸನ್ನು ಹರಿದುಕೊಂಡು ಹೋಗಿ ಗೋಡೆಗೆ ಬಡಿದು ನಿಂತಿತು.

ಅಮೃತವ್ವ ಗೇಣು ಅಂತರದಲ್ಲಿ ಉಳಿದಿದ್ದಳು. ಹರಿದ ನೂಲಿನ ನಡುವೆ ಕುಸಿದು ಕೂತಳು.

ಸಾಹುಕಾರರು ಹಣೆಯ ರಕ್ತ ಒರೆಸಿಕೊಂಡರು. "ಜೀವ ಉಳಿದಾವಲ್ಲ, ಸಾಕು. ನೂಲಿಂದು ನಾ ನೋಡ್ಕೋತೀನಿ. ಇನ್ನೊಂದು ತಿಂಗಳು ಕಲಿಯಪಾ."

ಕಾಲಿಗೆ ಬಿದ್ದು ಬೇಡಬೇಕೆಂದುಕೊಂಡಿದ್ದ ಮಾತನ್ನು ಅವರೇ ಆಡಿದ್ದರು. ಹುಚ್ಚೀರಪ್ಪ ಚಾವಿ ತೆಗೆದು ಅವರ ಅಂಗೈಯಲ್ಲಿಟ್ಟ.

"ತಲಿಗೆ ತಿಳದೈತ್ರಿ ಧಣ್ಯಾರ, ಕಾಲಿಗೆ ತಿಳಿವಲ್ದು. ಮಿಲಿಟ್ರಿಯಾಂವನ್ನ ಕರಸ್ರಿ."

ಆಮೇಲೆ ಅಮೃತವ್ವನ ಪಕ್ಕ ಕೂತು ಕಡಿದ ಎಳೆಗಳನ್ನು ಗಂಟು ಹಾಕತೊಡಗಿದ. ಹಾಕಿದ್ದೆಲ್ಲ ಬಿಚ್ಚಿಕೊಳ್ಳುತ್ತಿತ್ತು. ಮುದುಕಿ ಅವನ ಕೈಯಿಂದ ನೂಲನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಬಿಡೋ ಯಪ್ಪಾ, ಇದು ನಿನಗ ಬರಂಗಿಲ್ಲ. ನಿನ್ನ ಕೆಲಸ ನೀ ನೋಡ್ಕೋ ಹೋಗು."