ಮೋರಿಯಿಂದ ಗೇಟಿನವರೆಗೆ

ಹೊಳೆನರಸೀಪುರದಲ್ಲಿ ಬೋರಪ್ಪನ ಬಗ್ಗೆ ಕೇಳಿದರೆ ಜನ ಎರಡು ಮಾತು ಹೇಳುತ್ತಾರೆ. ಒಂದು, ಮೂವತ್ನಾಲ್ಕು ವರ್ಷ ರೈಲು ಹಳಿ ಕಾದ ಮನುಷ್ಯ. ಇನ್ನೊಂದು, ಹೆಂಡತಿಯನ್ನು ಒಂದು ದಿನವೂ ರೈಲು ಹತ್ತಿಸದ ಮಹಾ ಪುಣ್ಯಾತ್ಮ. ಎರಡೂ ನಿಜ. ಅರ್ಜಿ ಹಾಕಿದ್ದರೆ ಪುಕ್ಕಟೆ ಪಾಸು ಸಿಗುತ್ತಿತ್ತು. ಇವನು ಹಾಸನಕ್ಕಾಗಲಿ ಮೈಸೂರಿಗಾಗಲಿ ಬಸ್ಸಿನ ಕಂಬಿ ಹಿಡಿದು ನೇತಾಡಿಕೊಂಡೇ ಹೋದ. ಜನ ಜಿಪುಣ ಅಂದರು. ಅಲ್ರಪ್ಪಾ, ಪುಕ್ಕಟೆ ಸಿಗುವುದಕ್ಕೂ ಜಿಪುಣತನ ಮಾಡುವವನು ಲೋಕದಲ್ಲಿ ಇದ್ದಾನೆಯೆ? ಅಷ್ಟು ಯೋಚಿಸುವ ತಾಳ್ಮೆ ಯಾರಿಗಿದೆ!

ಅವನ ಹೆಂಡತಿ ಮಲ್ಲಿಗಮ್ಮನಿಗೆ ಜನ್ಮದಲ್ಲಿ ನೋಡಬೇಕೆಂದಿದ್ದದ್ದು ಸಕಲೇಶಪುರದ ಮಂಜರಾಬಾದ್ ಕೋಟೆ ಒಂದೇ. ಏಳನೇ ತರಗತಿಯಲ್ಲಿ ಮೇಷ್ಟರು ಅದರ ಎಂಟು ಮೂಲೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿ, ಮುಂದಿನ ವಾರ ಬಸ್ಸು ಮಾಡಿ ಮಕ್ಕಳನ್ನು ಕರೆದುಕೊಂಡು ಹೋದರು. ಅದೇ ದಿನ ಇವಳ ಅವ್ವನಿಗೆ ಹೆರಿಗೆ ನೋವು ಶುರುವಾಗಿ ಇವಳು ಮನೆಯಲ್ಲೇ ಉಳಿದಳು. ಅವತ್ತಿನಿಂದ ಇವತ್ತಿನವರೆಗೆ ಬಾಗಿಲ ಮುಂದೆ ಅವಳು ಹಾಕುವ ರಂಗೋಲಿಗೆ ಎಂಟೇ ಮೂಲೆ. ಈಗ ಅರವತ್ತು ತುಂಬಿ ಮಂಡಿ ಸವೆದಿದೆ. ಮುಂದಿನ ತಿಂಗಳು ಆಪರೇಷನ್ನು. ‘ಆಮೇಲೆ ಮೆಟ್ಟಿಲು ಹತ್ತುವ ಆಸೆ ಬಿಡಿ’ ಎಂದು ಹಾಸನದ ಡಾಕ್ಟರು ಹೇಳಿಬಿಟ್ಟಿದ್ದಾರೆ. ಕೋಟೆಗೋ ಇನ್ನೂರೈವತ್ತು ಮೆಟ್ಟಿಲು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುವ ಹಾಗಾಗಬಾರದೆಂದರೆ ಈ ಭಾನುವಾರವೇ ಹೋಗಬೇಕು.

ಚನ್ನರಾಯಪಟ್ಟಣದಲ್ಲಿ ಟೀಚರಾಗಿರುವ ಒಬ್ಬಳೇ ಮಗಳು ಕವನಾ ಶನಿವಾರ ಮಧ್ಯಾಹ್ನವೇ ಬಂದಳು. ಜಗಲಿಯ ಮೇಲೆ ಕೂತು ಮೊಬೈಲು ತೆಗೆದಳು.

“ಅಪ್ಪಾ, ಬೆಳಿಗ್ಗೆ ಇಲ್ಲಿ ಪ್ಯಾಸೆಂಜರ್ ಹತ್ತಿ ಹಾಸನದಾಗೆ ಇಳಿಯೋದು. ಅಲ್ಲಿಂದ ಮಂಗಳೂರು ಕಡೆ ಗಾಡಿ. ಸಕಲೇಶಪುರದಾಗೆ ಆಟೋ. ಸಾಯಂಕಾಲ ವಾಪಸ್.”

ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಬೋರಪ್ಪ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದ. ಚಿತ್ರಾನ್ನ, ನೀರು, ಮಂಡಿಪಟ್ಟಿ, ಊರುಗೋಲು ಎಲ್ಲ ಬಂತು. ರೈಲು ಎಂದು ಬರೆಯಬೇಕಾದ ಕಡೆ ‘ಆರು ಗಂಟೆ ಬಸ್ಸು’ ಎಂದು ಬರೆದ.

“ಗಾಡಿ ಲೇಟಾದ್ರೆ? ಘಾಟಿನಾಗೆ ಮಣ್ಣು ಕುಸಿದ್ರೆ?” ಅಂದ.

“ಘಾಟಿ ಶುರುವಾಗೋದೇ ಸಕಲೇಶಪುರ ದಾಟಿದ್ಮೇಲೆ. ಒಂದ್ಸಲಾನೂ ಓಗ್ದೆ ಇರೋಳು ನಂಗೇ ಗೊತ್ತು,” ಎಂದಳು ಮಲ್ಲಿಗಮ್ಮ. “ಬಸ್ಸಾಗೆ ಮಂಡಿ ಮಡಿಸ್ಕಂಡು ಕುಂತ್ರೆ ಕೋಟೆ ಸೇರೋದ್ರೊಳ್ಗೆ ನನ್ನ ಕತೆ ಮುಗ್ದೋಗಿರ್ತದೆ. ರೈಲಾದ್ರೆ ಕಾಲು ಚಾಚ್ಕಂಡು ಓಗ್ಬೋದು. ನೀನು ಬರಾಕಿಲ್ಲ ಅಂದ್ರೆ ಬ್ಯಾಡ ಬುಡು, ನಾನೂ ಕವನಾನೂ ಓಯ್ತೀವಿ.”

“ನೀವೂ ಓಗ್ಬ್ಯಾಡಿ!” ಬೋರಪ್ಪನ ದನಿ ಏರಿತು. ಆಮೇಲೆ ಅಷ್ಟೇ ಇಳಿಯಿತು. “ನಂಗೆ ಭಯ ಕಣೆ ಮಲ್ಲಿ.”

ರಿಟೈರಾಗುವವರೆಗೂ ಅವನದು ಕೀಮ್ಯಾನ್ ಕೆಲಸ. ಹಳಿಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ಬೆಣೆಗೆ ಕೀ ಅನ್ನುತ್ತಾರೆ; ಗಾಡಿ ಓಡಿ ಓಡಿ ಅದು ಸಡಿಲವಾಗುತ್ತದೆ. ದಿನಾ ಬೆಳಿಗ್ಗೆ ಸುತ್ತಿಗೆ ಹೊತ್ತು ಮೈಲಿಗಟ್ಟಲೆ ನಡೆದು, ಸಡಿಲವಾದದ್ದನ್ನು ಬಡಿದು ಕೂರಿಸಬೇಕು.

“ಈ ಕವನಾ ಇನ್ನೂ ಎದೆಹಾಲು ಕುಡೀತಿದ್ಲು. ನಂಗೆ ಜ್ವರ ಬಂದು ಮೈ ಸುಡ್ತಿತ್ತು. ಮಾವಿನಕೆರೆ ಕಡೆ ಮೋರಿವರ್ಗೂ ಓದೆ, ಆಚೆಗೆ ಕಾಲು ಬರ್ನಿಲ್ಲ. ಮೋರಿಯಿಂದ ಗೇಟಿನವರ್ಗೂ ಅರ್ಧ ಮೈಲಿ ನೋಡ್ನೇ ಇಲ್ಲ. ಎಲ್ಲಾ ನೋಡಿವ್ನಿ ಅಂತ ಮೇಸ್ತ್ರಿಗೆ ಸುಳ್ಳು ಏಳಿ ಬಂದು ಮನಿಕ್ಕಂಡೆ. ಅತ್ತು ಗಂಟೆ ಗಾಡಿ ತುಂಬ ಜನ. ಏನೂ ಆಗ್ನಿಲ್ಲ. ಆದ್ರೆ ನನ್ನಂತೋನೇ ಒಂದಿನ ಬುಟ್ಟ ಅಂದ್ಮೇಲೆ, ಇನ್ಯಾವನು ಎಲ್ಲೆಲ್ಲಿ ಬುಟ್ಟಿರ್ತಾನೋ? ಎಂಗೆ ಕುಂತ್ಕಳ್ಳಿ ಅದ್ರೊಳ್ಗೆ?”

ಮಲ್ಲಿಗಮ್ಮ ಅವನ ಮುಖವನ್ನೇ ನೋಡಿದಳು.

“ಅಯ್ಯೋ ನಿನ್ನ ಮನೆ ಎಕ್ಕುಟ್ಟೋಗ! ಇದಕ್ಕಾ?” ಅಂದಳು. ಅದು ತನ್ನ ಮನೆಯೂ ಹೌದೆಂಬುದು ಸಿಟ್ಟಿನಲ್ಲಿ ಹೊಳೆಯಲಿಲ್ಲ. “ಜ್ವರದಾಗೆ ನೀನೇ ಬಡಬಡಿಸ್ದೆ, ಮೋರಿ ಆಚೆ ಓಗ್ನಿಲ್ಲ, ಓಗ್ನಿಲ್ಲ ಅಂತ. ನಿಂಗೆ ಬುತ್ತಿ ತಂದು ತಂದು ಆ ಕೆಲ್ಸ ನಾನು ನೋಡಿರ್ನಿಲ್ವಾ? ಇವಳ್ನ ಸೊಂಟದ ಮ್ಯಾಲೆ ಕೂರಿಸ್ಕಂಡು, ನಿನ್ನ ಸುತ್ತಿಗೆ ತಕಂಡು ಓದೆ. ಗಾಡಿ ಬರೋದ್ರೊಳ್ಗೆ ಗೇಟಿನವರ್ಗೂ ಬಡ್ಕಂಡು ಬಂದೆ.”

ಕವನಾ ಮೊಬೈಲು ಕೆಳಗಿಟ್ಟಳು.

“ಯಾಕೆ ಏಳ್ನಿಲ್ಲ ನೀನು?” ಎಂದ ಬೋರಪ್ಪ.

“ಮೇಸ್ತ್ರಿ ಕಿವಿಗೆ ಬಿದ್ರೆ ನಿನ್ನ ಕೆಲ್ಸ ಓಯ್ತದೆ ಅಂತ. ನಿಂಗೆ ನೆಪ್ಪೇ ಇಲ್ಲ ಅನ್ಕಂಡಿದ್ದೆ. ನೆಪ್ಪು ಮಾಡಿ ಯಾಕೆ ತಲೆ ತಗ್ಗಿಸ್ಲಿ ಅಂತ ಸುಮ್ಕಾದೆ.”

ಇಪ್ಪತ್ತೆಂಟು ವರ್ಷ ಅವನು ಒಂದನ್ನು ಬಚ್ಚಿಟ್ಟ, ಅವಳು ಅದನ್ನೇ ಬಚ್ಚಿಟ್ಟಳು. ಒಂದೇ ಸೂರಿನಡಿ, ಒಂದೇ ಗಂಗಳದ ಮುದ್ದೆ ತಿಂದುಕೊಂಡು! ಬೋರಪ್ಪ ಕೀಮ್ಯಾನ್ ಕೇಳುವ ಪ್ರಶ್ನೆಯನ್ನೇ ಕೇಳಿದ.

“ಎಷ್ಟು ಸಡ್ಲ ಇದ್ವು?”

“ಮೂರು ಸಡ್ಲ ಇದ್ವು. ಒಂದು ಕಳಚ್ಕಂಡು ಜಲ್ಲಿ ಮ್ಯಾಲೆ ಬಿದ್ದಿತ್ತು. ಮಂಡಿ ಊರಿ ಕುಂತು ಬಡ್ದು ಕೂರಿಸ್ದೆ.”

ಬೋರಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಮಗಳ ಮುಂದೆ ನಾಚಿಕೆಯೂ ಆಗಲಿಲ್ಲ. ಅಳು ನಿಂತ ಮೇಲೆ ಪೆನ್ಸಿಲು ಹುಡುಕಿ, ಬಸ್ಸು ಹೊಡೆದುಹಾಕಿ, ‘ರೈಲು, ಮೂರು ಜನ’ ಎಂದು ಬರೆದ.

“ನಾಳೆ ಮೋರಿ ದಾಟಿದ್ಮೇಲೆ, ಆ ಕೀ ಎಲ್ಲಿ ಬಿದ್ದಿತ್ತು ಅಂತ ಕಿಟಕಿನಾಗೆ ತೋರ್ಸು,” ಅಂದ.

“ಮೊದ್ಲು ನಂಗೆ ಕೋಟೆ ತೋರ್ಸು ನೀನು,” ಎಂದು ಮಲ್ಲಿಗಮ್ಮ ಮಂಡಿ ಹಿಡಿದುಕೊಂಡು ಎದ್ದು, ಚಿತ್ರಾನ್ನಕ್ಕೆ ನಿಂಬೆಹಣ್ಣು ಇದೆಯೋ ಇಲ್ಲವೋ ನೋಡಲು ಒಳಗೆ ಹೋದಳು.